ಎಫಿ ಮಾರಿಸನ್, ಹನ್ನೊಂದು ಸಲ

ಬೇಕರಿಯ ರಾತ್ರಿಪಾಳಿ ಮುಗಿಸಿ ಬಂದು, ಕೋಟೂ ಬಿಚ್ಚದೆ,
ಹುಡುಕು ಪೆಟ್ಟಿಗೆಯೊಳಗೆ ನನ್ನದೇ ಹೆಸರು ಒತ್ತುತ್ತೇನೆ:
ಎಫಿ ಮಾರಿಸನ್.
ದ್ವೀಪ ಲೂಯಿಸ್. ಊರು ನೆಸ್.
ಹುಟ್ಟಿದ್ದು ಸಾವಿರದ ಎಂಟುನೂರ ಅರವತ್ತೆರಡು,
ಎರಡು ವರ್ಷ ಆಚೆ ಈಚೆ.

ನಾನಲ್ಲ. ನನ್ನಜ್ಜಿಯ ಚಿಕ್ಕಮ್ಮ.

ಯಂತ್ರ ಅರೆಗಳಿಗೆ ಗಿರಗಿರ ತಿರುಗಿ
ಹನ್ನೊಂದು ಜನರನ್ನು ತಂದು ನಿಲ್ಲಿಸುತ್ತದೆ,
ಒಬ್ಬಳನ್ನು ಕರೆ ಅಂದರೆ
ಓಣಿಯನ್ನೇ ಕರೆತಂದ ಕಿವುಡ ಆಳಿನ ಹಾಗೆ.
ಹೆಸರಿನ ಮೂಟೆ ಸುರಿದುಕೊಂಡು
ಒಂದೇ ಒಂದು ಹೆಸರು ಆರಿಸುವ ಕೆಲಸ.

ನಮ್ಮಲ್ಲಿ ಬರವಿದ್ದದ್ದು ಹೆಸರಿಗೆ, ಜನಕ್ಕಲ್ಲ.
ಅಜ್ಜಿಯದು ಮೊಮ್ಮಗಳಿಗೆ, ಅತ್ತೆಯದು ಸೊಸೆಯ ಮಗಳಿಗೆ;
ಕೂಸು ತೀರಿಕೊಂಡರೆ ಅದರ ಅಂಗಿಯ ಜೊತೆಗೆ
ಹೆಸರನ್ನೂ ತೊಳೆದು ಒಣಗಿಸಿ
ಮುಂದಿನ ಕೂಸಿಗೆ ತೊಡಿಸುತ್ತಿದ್ದರು.
ಒಂದೇ ಮನೆ, ಇಬ್ಬರು ಎಫಿಯರು,
ಒಬ್ಬಳಿಗೆ ಎಂಟು ತಿಂಗಳು, ಒಬ್ಬಳಿಗೆ ಎಂಬತ್ತು ವರ್ಷ.

ಒಲೆಯ ಮುಂದೆ ಕರೆದದ್ದು ಓಯ್‌ರಿಕ್ ಅಂತ.
ಗೇಲಿಕ್ ತಿಳಿಯದ ಗುಮಾಸ್ತ ಕಿವಿಗೆ ಬಿದ್ದಷ್ಟು ಬರೆದ:
ಒಂದು ಗಣತಿಗೆ ಎಫಿ, ಪಾದ್ರಿಯ ಪುಸ್ತಕಕ್ಕೆ ಯುಫೀಮಿಯಾ,
ಹತ್ತು ವರ್ಷದ ಮೇಲೆ ಹೆನ್ರಿಯೆಟಾ,
ಒಮ್ಮೆ, ದೇವರಾಣೆ, ಆಫ್ರಿಕಾ.
ಹನ್ನೊಂದು ಹೆಣ್ಣುಗಳಿಗೆ ಒಂದು ಹೆಸರು,
ಒಂದು ಹೆಣ್ಣಿಗೆ ಐದು.

ಅಜ್ಜಿ ಗೊರ್ಮೀಲಿಯಾ ಹೇಳಿದ್ದು ಇಷ್ಟೇ:
ಎಡಚಿ.
ನಕ್ಕರೆ ಬಿಕ್ಕಳಿಕೆ ಹಿಡಿಯುತ್ತಿತ್ತು.
ಹೆರಿಂಗ್ ಮೀನು ಸೀಳುವ ಕೆಲಸಕ್ಕೆ ಲೆರ್ವಿಕ್ಕಿಗೆ ಹೋದಳು,
ಹೆಣೆಯುತ್ತಿದ್ದ ಕಾಲುಚೀಲ ಹಿಮ್ಮಡಿಯ ತಿರುವಿನಲ್ಲೇ ಬಿಟ್ಟು,
ಬಂದು ಮುಗಿಸ್ತೀನಿ ಅಂತ.

ಮನೆಯಲ್ಲಿ ಕಿಟಕಿಯಿರುವ ಕೋಣೆ ಎಷ್ಟು, ಬರೆದಿದ್ದಾರೆ.
ಬಿಕ್ಕಳಿಕೆಗೆ ಕಾಲಂ ಇಲ್ಲ.

ಹಾಗಾಗಿ ಹೊಡೆದುಹಾಕುತ್ತ ಬಂದೆ.
ಮೂರನೆಯವಳು ಹದಿನೇಳಕ್ಕೆ ಕ್ಷಯ. ಹೊಡೆದೆ.
ಐದನೆಯವಳು ಕೆನಡಾ, ಒಂಬತ್ತು ಮಕ್ಕಳು. ಹೊಡೆದೆ.
ಎಂಟನೆಯವಳು ಕುರುಡಿ, ಅಣ್ಣನ ಮನೆಯಲ್ಲಿ ವಾಸ,
ಉದ್ಯೋಗದ ಎದುರು ಒಂದು ಅಡ್ಡಗೆರೆ.
ಅವಳ ಮೇಲೆ ಇನ್ನೊಂದು ಗೆರೆ ಎಳೆಯಲು ಪೆನ್ನೆತ್ತಿ
ಚಹಾ ಆರುವ ತನಕ ಕೂತೆ.
ಇಷ್ಟು ವರ್ಷದಲ್ಲಿ ಅವಳ ಹಾಳೆ ಯಾರಾದರೂ ತೆರೆದಿದ್ದರೋ ಇಲ್ಲವೋ.
ನಾನು ತೆರೆದೆ,
ಇವಳಲ್ಲ ಅನ್ನುವುದಕ್ಕೆ.

ಮೊನ್ನೆ ಲೆರ್ವಿಕ್ಕಿನ ಮೀನುಮಂಡಿಯೊಂದರ
ಸಂಬಳದ ಪುಸ್ತಕ ಹೊಸದಾಗಿ ಏರಿಸಿದರು.
ನೀರು ಕುಡಿದ ಹಾಳೆ, ಅದರಲ್ಲಿ ಮೂವರು ಎಫಿ ಮಾರಿಸನ್.
ಯಾರಿಗೂ ಅಕ್ಷರ ಬಾರದು.
ಹೆಸರು ಗುಮಾಸ್ತನ ಕೈಯದು,
ಪಕ್ಕದ ಕತ್ತರಿಗೀಟು ಮಾತ್ರ ಅವರವರದು.
ಬೆರಳಿಂದ ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ,
ಗೀಟು ಒಡೆದು ಬೂದುಬಣ್ಣದ ಚೌಕಗಳಾಗುವ ತನಕ.
ಎರಡು ನೆಟ್ಟಗಿವೆ.
ಮೂರನೆಯದು ವಾಲಿದೆ; ಮಸಿ ಬಲಕ್ಕೆ ಒರೆಸಿಕೊಂಡು ಹೋಗಿದೆ
ಎಡಗೈಯ ಅಂಚು ಹಸಿ ಗೀಟಿನ ಮೇಲೆ ಹಾದ ಹಾಗೆ.

ಅವಳೇ.

ಅಥವಾ ಉಪ್ಪು ಕಚ್ಚಿದ ಬಲಗೈಗೆ ಬಟ್ಟೆ ಸುತ್ತಿ
ಆ ಒಂದು ಶನಿವಾರ ಎಡಗೈಲಿ ಗೀಚಿದ ಇನ್ಯಾವಳೋ.
ಬಟ್ಟೆ ಸುತ್ತದ ಬೆರಳು ಆ ಕೆಲಸದಲ್ಲಿ ಯಾರಿಗಿತ್ತು?

ಇವತ್ತು ಸ್ಟಾರ್ನೊವೇ ಆಸ್ಪತ್ರೆಯಲ್ಲಿ, ನನ್ನ ಮೊಣಕಾಲಿನ ಸರದಿಗೆ
ಕಾಯುತ್ತಿದ್ದಾಗ ನರ್ಸು ಬಾಗಿಲು ತೆರೆದು ಕೂಗಿದಳು:
ಎಫಿ ಮಾರಿಸನ್!
ಮೂರು ಕೋಟು ಎದ್ದು ನಿಂತವು.
ಹೊಸಬಳು ಪಾಪ, ಕಾಗದ ನೋಡಿದಳು, ನಮ್ಮನ್ನು ನೋಡಿದಳು,
ಹುಟ್ಟಿದ ತಾರೀಖು ಹೇಳಿ ಅಂದಳು.
ಕಿಟಕಿ ಪಕ್ಕದ ಮುದುಕಿಗೆ ನಗು ತಡೆಯಲಾಗಲಿಲ್ಲ.

ನಾನು ತಾರೀಖು ಹೇಳುವುದು ಬಿಟ್ಟು
ಬಿಕ್ಕಳಿಕೆಗೆ ಕಿವಿಗೊಟ್ಟು ನಿಂತೆ.